ನೆಲದ ಧಾಟಿಯಲ್ಲಿ ಸುವಾರ್ತೆ

ಫರ್ಡಿನಾಂಡ್ ಕಿಟೆಲ್ ಎಂದ ಕೂಡಲೇ ಕನ್ನಡಿಗರಿಗೆ ನೆನಪಾಗುವುದು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ, ಸುಮಾರು 70 ಸಾವಿರ ಪದಗಳ ಕನ್ನಡ-ಇಂಗ್ಲಿಷ್ ನಿಘಂಟು. ಅದಕ್ಕಿಂತ ಮೂರು ದಶಕಗಳ ಹಿಂದೆ, 1862ರಲ್ಲಿ, ಅವರು 'ಕಥಾಮಾಲೆ' ಎಂಬ ಸಣ್ಣ ಪುಸ್ತಕವೊಂದನ್ನು ಪ್ರಕಟಿಸಿದ್ದರು ಎಂಬುದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ನಮ್ಮ ಕ್ರೈಸ್ತ ಸಭೆಗಳಲ್ಲಿಯೂ ಅದರ ಮಾತು ಏಳುವುದಿಲ್ಲ. ಯೇಸುವಿನ ಜೀವನವನ್ನು ಕನ್ನಡದ ಪದ್ಯಗಳಲ್ಲಿ, ಹಾಡಿ ಕೇಳಿಸಲು ಬರುವ ಹಾಗೆ ಹೇಳುವ ಪುಸ್ತಕ ಅದು. ಬರೆದಾಗ ಅವರಿಗೆ ಮೂವತ್ತು ವರ್ಷ. 1853ರಲ್ಲಿ ಭಾರತಕ್ಕೆ ಬಂದಿಳಿದು ಇನ್ನೂ ಹತ್ತು ವರ್ಷ ತುಂಬಿರಲಿಲ್ಲ. ನಿಘಂಟಿನ ಹಿಂದಿದ್ದ ಮನಸ್ಸು ಎಂಥದು ಎಂದು ತಿಳಿಯಬೇಕಾದರೆ ಈ ಪುಸ್ತಕದಿಂದಲೇ ಆರಂಭಿಸಬೇಕು ಎಂಬುದು ನನ್ನ ಅಭಿಪ್ರಾಯ.

ಸುವಾರ್ತೆಯನ್ನು ಸಾರಲು ಬಂದವನಿಗೆ ಪದ್ಯ ಏಕೆ ಬೇಕಾಯಿತು? ಆ ಕಾಲದ ಧಾರವಾಡ, ಹುಬ್ಬಳ್ಳಿ ಸೀಮೆಯ ಹಳ್ಳಿಗಳನ್ನು ನೆನೆದರೆ ಉತ್ತರ ತಾನಾಗಿ ಹೊಳೆಯುತ್ತದೆ. ಸಂತೆಯಲ್ಲಿ ನಿಂತು ಮಾಡುವ ಪ್ರಸಂಗವನ್ನು, ಅಂದರೆ ಧರ್ಮೋಪದೇಶವನ್ನು, ಜನ ನಿಂತೇ ಕೇಳುತ್ತಿದ್ದರು; ಕೇಳುತ್ತ ಕೇಳುತ್ತ ತಮ್ಮ ದಾರಿ ಹಿಡಿಯುತ್ತಿದ್ದರು. ಅದೇ ಜನ ರಾತ್ರಿ ಗುಡಿಯ ಕಟ್ಟೆಯ ಮೇಲೆ ಪುರಾಣವೊಂದನ್ನು ಓದಿ ಅರ್ಥ ಹೇಳುವಾಗ ಕಂಬಳಿ ಹೊದ್ದು ಕುಳಿತು ಕೇಳುತ್ತಿದ್ದರು. ಈ ನಾಡಿನಲ್ಲಿ ದೇವರ ಮಾತು ಹಾಡಾಗಿ ಬರುತ್ತದೆ, ರಾಗದೊಡನೆ ನೆನಪಿನಲ್ಲಿ ಉಳಿಯುತ್ತದೆ. ಕಿಟೆಲ್ ಅದನ್ನು ಗಮನಿಸಿದರು. ಗಮನಿಸಿದ ಮೇಲೆ ತಮಗೆ ಒಗ್ಗಿದ್ದ ರೀತಿಯನ್ನು ಬದಿಗಿಟ್ಟು, ಕೇಳುವವರ ರೀತಿಯನ್ನು ಕಲಿಯುವ ಕಷ್ಟಕ್ಕೆ ಇಳಿದರು. ಅಲ್ಲಿಂದ ಅವರು ಕೇಶಿರಾಜನ 'ಶಬ್ದಮಣಿದರ್ಪಣ'ಕ್ಕೆ ಹೋದರು, 1875ರಲ್ಲಿ ನಾಗವರ್ಮನ 'ಛಂದೋಂಬುಧಿ'ಯನ್ನು ಸಂಪಾದಿಸಿ ಅಚ್ಚು ಹಾಕಿಸಿದರು. ಒಂದು ಭಾಷೆಯಲ್ಲಿ ಹಾಡಬೇಕೆಂದು ಹೊರಟವನು ಅದರ ಛಂದಸ್ಸಿನ ಮೂಲದವರೆಗೆ ನಡೆದುಹೋದ ಕಥೆ ಇದು. ನಿಘಂಟನ್ನು ತೆರೆದು ಯಾವುದಾದರೊಂದು ಪದವನ್ನು ನೋಡಿದರೆ, ಅರ್ಥದ ಪಕ್ಕದಲ್ಲಿಯೇ ಆ ಪದವನ್ನು ಬಳಸಿದ ಕಾವ್ಯಗಳ ಹೆಸರು ಸಂಕ್ಷಿಪ್ತವಾಗಿ ಕಾಣುತ್ತದೆ: ಬಸವಪುರಾಣ, ಜೈಮಿನಿ ಭಾರತ, ದಾಸರ ಪದ, ಅದರ ಜೊತೆಗೆ ಹಳ್ಳಿಯ ಬಾಯಿಂದ ಕೇಳಿ ಬರೆದಿಟ್ಟ ಗಾದೆ. ಒಬ್ಬ ಕ್ರೈಸ್ತ ಮಿಷನರಿ ಶರಣರ ಪುರಾಣವನ್ನೂ ದಾಸರ ಪದವನ್ನೂ ಸಾಕ್ಷಿಯಾಗಿ ಕರೆದು ಕನ್ನಡದ ಅರ್ಥವನ್ನು ಸ್ಥಾಪಿಸುತ್ತಾನೆ ಎಂಬುದನ್ನು ನೋಡುವಾಗಲೆಲ್ಲ ನನ್ನ ಮನಸ್ಸು ತುಂಬಿಬರುತ್ತದೆ.

ಕಿಟೆಲ್ ಒಬ್ಬರೇ ಈ ದಾರಿಯಲ್ಲಿ ನಡೆದವರಲ್ಲ. 1836ರಲ್ಲಿ ಬಂದ ಹರ್ಮನ್ ಮೊಗ್ಲಿಂಗ್ 1843ರ ಜುಲೈಯಲ್ಲಿ 'ಮಂಗಳೂರು ಸಮಾಚಾರ'ವನ್ನು ಆರಂಭಿಸಿದರು; ಅದೇ ಕನ್ನಡದ ಮೊದಲ ಪತ್ರಿಕೆ. ಮುಂದೆ 1848ರಿಂದ 1853ರವರೆಗೆ ಅವರು 'ಬಿಬ್ಲಿಯೋಥಿಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ ಹಳೆಯ ಕನ್ನಡ ಕೃತಿಗಳನ್ನು ಅಚ್ಚು ಮಾಡಿಸಿದರು. ಹರಿದಾಸರ ಪದಗಳು ಮೊದಲು ಪುಸ್ತಕವಾಗಿ ಜನರ ಕೈಗೆ ಬಂದದ್ದು ಆ ಮಾಲೆಯಲ್ಲಿ, 1850ರಲ್ಲಿ. ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಇವರೆಲ್ಲ ಬಂದದ್ದು ಕನ್ನಡ ಸಾಹಿತ್ಯದ ಸೇವೆಗೆಂದು ಅಲ್ಲ, ಜನರನ್ನು ಕ್ರಿಸ್ತನ ಕಡೆಗೆ ಕರೆಯಲೆಂದು. ಈ ನಾಡಿನ ದೇವತೆಗಳ ಬಗೆಗೆ, ಪೂಜೆಯ ಬಗೆಗೆ ಅವರು ಕಠೋರವಾಗಿ ಬರೆದದ್ದೂ ಉಂಟು. ಅಂಥ ಕೆಲವು ಬರಹಗಳನ್ನು ಇಂದು ಓದುವಾಗ ನನಗೆ ನೋವಾಗುತ್ತದೆ. ಆದರೆ ಹತ್ತಿರ ಹೋಗಿ ಕೇಳಿದ್ದು ಅವರ ಮೂಲ ಉದ್ದೇಶವನ್ನೂ ಮೀರಿ ಬೆಳೆಯಿತು. ಕ್ರಿಸ್ತನನ್ನು ಎಂದೂ ಒಪ್ಪದ ಲಕ್ಷಾಂತರ ಕನ್ನಡಿಗರು ಆ ನಿಘಂಟನ್ನು, ಆ ಪದಗಳನ್ನು ತಮ್ಮದಾಗಿಸಿಕೊಂಡರು. ಬೆಂಗಳೂರಿನ ಮೇಯೋ ಹಾಲ್ ಬಳಿ ಕಿಟೆಲ್ ಅವರ ಪ್ರತಿಮೆ ನಿಂತಿದ್ದರೆ ಅದನ್ನು ನಿಲ್ಲಿಸಿದ್ದು ಅವರ ಧರ್ಮದವರ ಅಭಿಮಾನವಲ್ಲ, ಕನ್ನಡದ ಕೃತಜ್ಞತೆ.

ನಂಬಿಕೆಯನ್ನು ಹಂಚಿಕೊಳ್ಳುವುದರ ಬಗೆಗೆ ನಾನು ಹೇಳಬೇಕೆಂದಿರುವುದು ಇದನ್ನೇ. ಸುತ್ತಲಿನ ಸಂಸ್ಕೃತಿಯೊಂದಿಗೆ ಬೆರೆಯುವುದೆಂದರೆ ಅದರ ಋಣಕ್ಕೆ ಒಳಗಾಗುವುದು. ಸಾಲ ಪಡೆದವನು ತೀರಿಸಬೇಕು. ನಾನು ಹೇಳಿದ ಸುವಾರ್ತೆಯನ್ನು ಕೇಳಿ ನೆರೆಯವನು ಬೇಡವೆಂದು ಎದ್ದು ಹೋದರೂ, ನನ್ನ ಒಡನಾಟದಿಂದ ಅವನಿಗೆ ಉಳಿಯುವಂಥದ್ದು ಏನಾದರೂ ಸಿಕ್ಕಿರಬೇಕು. ಅದು ಸಿಗದಿದ್ದರೆ ನಾನು ಅವನ ಭಾಷೆಯನ್ನು, ಅವನ ಹಾಡನ್ನು ಕೇವಲ ಬಳಸಿಕೊಂಡೆ ಎಂದಾಯಿತು.

ಇದು ಹೊಸ ಮಾತೇನಲ್ಲ. ಬೈಬಲಿನ ಅಪೊಸ್ತಲರ ಕೃತ್ಯಗಳ ಹದಿನೇಳನೆಯ ಅಧ್ಯಾಯದಲ್ಲಿ ಸುವಾರ್ತೆ ಸಾರುತ್ತ ಬಂದ ಪೌಲನು ಅಥೇನೆ ಪಟ್ಟಣದಲ್ಲಿ ತಿರುಗಾಡುತ್ತಾನೆ, ಅಲ್ಲಿನ ಪೂಜಾಸ್ಥಾನಗಳನ್ನು ನೋಡುತ್ತಾನೆ, ನೋಡಿ ಅವನ ಮನಸ್ಸು ಕುದಿಯುತ್ತದೆ. ಆದರೂ ಅರಿಯೊಪಾಗವೆಂಬ ಅಲ್ಲಿನ ಸಭೆಯಲ್ಲಿ ಎದ್ದು ನಿಂತಾಗ ಅವನು ಆ ಕುದಿತದಿಂದ ಮಾತು ತೆಗೆಯುವುದಿಲ್ಲ. ತಿಳಿಯದ ದೇವರಿಗೆಂದು ಅವರೇ ಕಟ್ಟಿಕೊಂಡಿದ್ದ ಬಲಿಪೀಠದಿಂದ ಆರಂಭಿಸುತ್ತಾನೆ, ನಾವು ಆತನ ಸಂತಾನದವರೇ ಎಂಬ ಗ್ರೀಕ್ ಕವಿಯ ಸಾಲನ್ನು ನೆನಪಿನಿಂದ ಹೇಳುತ್ತಾನೆ. ಆ ಸಾಲು ಅರಾಟಸ್ ಎಂಬ ಕವಿಯದು. ಅವನೂ ಪೌಲನ ಹಾಗೆ ಕಿಲಿಕ್ಯ ಸೀಮೆಯವನು. ಊರಿನ ಕವಿಯ ಸಾಲು ನಾಲಿಗೆಯ ತುದಿಯಲ್ಲಿರಬೇಕಾದರೆ ಅದನ್ನು ಎಂದೋ ಓದಿ ಮೆಚ್ಚಿರಬೇಕು. ಭಾಷಣಕ್ಕೆ ಹೊರಡುವಾಗ ಹುಡುಕಿ ತಂದದ್ದು ಹಾಗೆ ಬರುವುದಿಲ್ಲ. ಫಲ ದೊಡ್ಡದಾಗಿರಲಿಲ್ಲ ಎಂಬುದನ್ನೂ ಆ ಪುಸ್ತಕದ ಕರ್ತೃ ಲೂಕನು ಬರೆದಿದ್ದಾನೆ: ಕೆಲವರು ಹಾಸ್ಯಮಾಡಿದರು, ಕೆಲವರು ಇನ್ನೊಮ್ಮೆ ಕೇಳುತ್ತೇವೆ ಎಂದರು, ದಿಯೊನುಸ್ಯನೂ ದಾಮರಿಯೂ ಇನ್ನು ಕೆಲವರೂ ನಂಬಿದರು. ಇದನ್ನು ಪೌಲನ ಸೋಲೆಂದು ವ್ಯಾಖ್ಯಾನಿಸುವ ಪ್ರಸಂಗಗಳನ್ನು ನಾನು ಕೇಳಿದ್ದೇನೆ. ನನಗೆ ಅದು ಒಪ್ಪಿಗೆಯಿಲ್ಲ. ಇನ್ನೊಮ್ಮೆ ಕೇಳುತ್ತೇವೆ ಎಂದು ಹೇಳಿ ಹೋಗುವಷ್ಟು ಸ್ವಾತಂತ್ರ್ಯವನ್ನು ಕೇಳುಗರಿಗೆ ಉಳಿಸಿದ ಮಾತು ಒಳ್ಳೆಯ ಮಾತು.

ಹೀಗೆಲ್ಲ ಇದ್ದರೂ ಕಿಟೆಲ್, ಮೊಗ್ಲಿಂಗ್ ಅವರನ್ನು ಇಲ್ಲಿಗೆ ಕಳಿಸಿದ ಬಾಸೆಲ್ ಮಿಷನ್ ಪರಂಪರೆಯಲ್ಲಿ ಬೆಳೆದ ನಮ್ಮ ಸಭೆಗಳಿಗೆ ಬಹುಪಾಲು ಸಿಕ್ಕಿದ್ದು ಕಥಾಮಾಲೆಯ ಧಾಟಿಯಲ್ಲ, ಜರ್ಮನ್ ರಾಗದ ಸಂಗೀತಗಳು. ಆ ಸಂಗೀತಗಳನ್ನು ನಾನು ಪ್ರೀತಿಸುತ್ತೇನೆ. ನಮ್ಮ ತಂದೆಯವರ ಶವಪೆಟ್ಟಿಗೆಯ ಬಳಿ ಸಭೆಯವರೆಲ್ಲ ನಿಂತು ಹಾಡಿದ್ದು ಅಂಥದೇ ಒಂದು ಹಾಡನ್ನು, ಮತ್ತು ಆ ಹೊತ್ತಿಗೆ ಅದಕ್ಕಿಂತ ಹತ್ತಿರದ್ದು ಬೇರೆ ಏನೂ ಇರಲಿಲ್ಲ. ನೂರೈವತ್ತು ವರ್ಷ ಒಂದು ಜನ ಅತ್ತು, ನಕ್ಕು, ಹಾಡಿದ್ದು ಅವರದೇ ಆಗುತ್ತದೆ. ಅದನ್ನು ವಿದೇಶಿ ಎಂದು ಕಿತ್ತೆಸೆಯಬೇಕು ಎನ್ನುವವರ ಜೊತೆ ನಾನಿಲ್ಲ. ಆದರೆ ನಷ್ಟ ಎಲ್ಲಿ ಆಯಿತು ಎಂಬುದನ್ನು ನೋಡಲೇಬೇಕು. ತುಳುನಾಡಿನಲ್ಲಿ ಬಾಸೆಲ್ ಮಿಷನ್ನಿನ ಸಭೆಗೆ ಬಂದವರಲ್ಲಿ ಹೆಚ್ಚಿನವರು ಬಿಲ್ಲವರು. ಅವರಿಗೆ ಭೂತಕೋಲಕ್ಕೆ ಹೋಗಬಾರದೆಂಬ ಕಟ್ಟಳೆಯಾಯಿತು. ಇತ್ತ ಅದೇ ಮಿಷನ್ನಿನ ಆಗಸ್ಟ್ ಮ್ಯಾನರ್ ಅವರು ಭೂತಗಳ ಕಥೆ ಹೇಳುವ ಪಾಡ್ದನಗಳೆಂಬ ತುಳು ಹಾಡುಗಳನ್ನು ಕಲೆಹಾಕಿ 1886ರಲ್ಲಿ ಅಚ್ಚು ಹಾಕಿಸಿದರು, ಅದೇ ವರ್ಷ ತುಳು ನಿಘಂಟನ್ನೂ ಕೊಟ್ಟರು. ಮಿಷನರಿಯ ಮೇಜಿನ ಮೇಲೆ ಪಾಡ್ದನಕ್ಕೆ ಜಾಗವಿತ್ತು; ಅದನ್ನು ಹಾಡುತ್ತ ಬೆಳೆದ ವಿಶ್ವಾಸಿಯ ಬಾಯಲ್ಲಿ ಇರಲಿಲ್ಲ. ಭೂತಾರಾಧನೆಯನ್ನು ಬಿಡುವುದು ಅವನ ಹೊಸ ನಂಬಿಕೆಯ ಭಾಗವಾಗಿತ್ತು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ನಾಟಿಯ ಗದ್ದೆಯಲ್ಲಿ ಆ ಧಾಟಿಯಲ್ಲಿ ಹಾಡುತ್ತಿದ್ದ ಹೆಣ್ಣುಮಗಳಿಗೆ ಅದೇ ಧಾಟಿಯಲ್ಲಿ ಬೈಬಲಿನ ಯೋಬನ ಕಥೆಯನ್ನೋ ರೂತಳ ಕಥೆಯನ್ನೋ ಕಟ್ಟಿಕೊಳ್ಳಲು ಯಾರೂ ಹೇಳಲಿಲ್ಲವಲ್ಲ ಎಂಬ ಕೊರಗು ನನ್ನಲ್ಲಿ ಉಳಿದೇ ಇದೆ.

ಗೋವೆಯ ಕಥೆ ಇನ್ನೂ ಕಠಿಣವಾದದ್ದು. ಇಂಗ್ಲೆಂಡಿನಲ್ಲಿ ಹುಟ್ಟಿದ ಜೆಸ್ವಿಟ್ ಪಾದ್ರಿ ಥಾಮಸ್ ಸ್ಟೀಫನ್ಸ್ 1579ರಲ್ಲಿ ಗೋವೆಗೆ ಬಂದು, ಅಲ್ಲಿಯೇ ನಾಲ್ಕು ದಶಕ ಬಾಳಿ, 1616ರಲ್ಲಿ 'ಕ್ರಿಸ್ತಪುರಾಣ'ವನ್ನು ಪ್ರಕಟಿಸಿದರು. ಕೊಂಕಣಿಯ ಪದಗಳು ಬೆರೆತ ಮರಾಠಿಯಲ್ಲಿ, ಸಂತರು ಹಾಡಿದ ಓವಿ ಛಂದಸ್ಸಿನಲ್ಲಿ, ಸುಮಾರು 11 ಸಾವಿರ ಪದ್ಯಗಳ ಮಹಾಕೃತಿ. ಅದರ ಪೀಠಿಕೆಯ ಭಾಗದಲ್ಲಿಯೇ ಒಂದು ಪ್ರಶ್ನೆ ಇದೆ: ನಮ್ಮ ಹಳೆಯ ಪುರಾಣಗಳನ್ನು ಓದಬಾರದೆಂದಿರಿ, ಅದಕ್ಕೆ ಬದಲಾಗಿ ಓದಲು ನಮಗೆ ಏನು ಕೊಟ್ಟಿರಿ ಎಂಬ ಅರ್ಥದಲ್ಲಿ ಹೊಸದಾಗಿ ವಿಶ್ವಾಸಕ್ಕೆ ಬಂದ ಬ್ರಾಹ್ಮಣನೊಬ್ಬ ಪಾದ್ರಿಯನ್ನು ಕೇಳುತ್ತಾನೆ. ದೇವಸ್ಥಾನಗಳನ್ನು ಕೆಡವಿದ, ಗ್ರಂಥಗಳನ್ನು ನಿಷೇಧಿಸಿದ ಪೋರ್ಚುಗೀಸ್ ಆಡಳಿತದ ನಡುವೆ ಆ ಪ್ರಶ್ನೆ ಎದ್ದಿತ್ತು ಎಂಬುದನ್ನು ಮರೆತು ಕ್ರಿಸ್ತಪುರಾಣದ ಸೊಬಗನ್ನು ಮಾತ್ರ ಹೊಗಳಿದರೆ ನಾವು ಸತ್ಯಕ್ಕೆ ಅಪಚಾರ ಮಾಡಿದಂತೆ. ಸೊಬಗೂ ಸತ್ಯವೇ, ಗಾಯವೂ ಸತ್ಯವೇ. ಗೋವೆಯಿಂದ ಕೆನರಾಕ್ಕೆ ವಲಸೆ ಬಂದ ಕುಟುಂಬಗಳು ಆ ಪುರಾಣವನ್ನು ಕೈಬರಹದಲ್ಲಿ ಜೊತೆಗೆ ತಂದವು, ಮನೆಗಳಲ್ಲಿ ಹಾಡಿ ಉಳಿಸಿಕೊಂಡವು. ಹಸ್ತಪ್ರತಿಗಳ ಆಧಾರದಿಂದ ಅದು ಮತ್ತೆ ಅಚ್ಚಾದದ್ದು 1907ರಲ್ಲಿ, ಮಂಗಳೂರಿನಲ್ಲಿಯೇ. ಅಧಿಕಾರದ ನೆರಳಿನಲ್ಲಿ ಹುಟ್ಟಿದ ಹಾಡು, ಅಧಿಕಾರ ದೂರವಾದ ಮೇಲೂ ಜನರ ಬಾಯಲ್ಲಿ ಉಳಿಯಿತು ಎಂದರೆ ಅದು ಕೇವಲ ಹೇರಿಕೆಯಾಗಿರಲಿಲ್ಲ ಎಂದಾಗುತ್ತದೆ.

ಅದೇ ಮಂಗಳೂರಿನ ಕಥೊಲಿಕರ ಮೊಂತಿ ಹಬ್ಬ ನನಗೆ ಅಚ್ಚುಮೆಚ್ಚು. ಸೆಪ್ಟೆಂಬರ್ 8 ಮರಿಯಮ್ಮನ ಜನ್ಮದಿನ. ಆ ದಿನವೇ ಹೊಸ ಬತ್ತದ ತೆನೆಗಳನ್ನು ಚರ್ಚಿನಲ್ಲಿ ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ. ಮನೆಯಲ್ಲಿ ಆ ತೆನೆಯ ಕಾಳನ್ನು ಸುಲಿದು, ಪುಡಿಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸಿ, ಹಿರಿಯರು ಪ್ರಾರ್ಥನೆ ಮಾಡಿ ಎಲ್ಲರಿಗೂ ಕೊಟ್ಟ ಮೇಲೆ ಬಾಳೆಲೆಯ ಸಸ್ಯಾಹಾರಿ ಊಟ. ಅಕ್ಕಪಕ್ಕದ ತುಳುವರ ಮನೆಗಳಲ್ಲಿ ತೆನೆ ಕಟ್ಟುವ ಹಬ್ಬ, ಹೊಸ ಅಕ್ಕಿ ಊಟ ನಡೆಯುವುದೂ ಹೆಚ್ಚು ಕಡಿಮೆ ಇದೇ ಕಾಲದಲ್ಲಿ. ಇಲ್ಲಿ ಯಾರೂ ಯಾರಿಗೂ ಪ್ರಸಂಗ ಮಾಡುವುದಿಲ್ಲ. ಒಂದೇ ಗದ್ದೆಯ ಬೆಳೆಗೆ ಇಬ್ಬರು ನೆರೆಯವರು ತಮ್ಮ ತಮ್ಮ ರೀತಿಯಲ್ಲಿ ಕೃತಜ್ಞತೆ ಹೇಳುತ್ತಾರೆ. ಈ ಮನೆಯವರು ಯಾರಿಗೆ ಕೃತಜ್ಞತೆ ಹೇಳುತ್ತಿದ್ದಾರೆ ಎಂದು ಆ ಮನೆಯ ಮಗು ಕೇಳಿದರೆ, ಸುವಾರ್ತೆಗೆ ಅದಕ್ಕಿಂತ ಸಹಜವಾದ ಬಾಗಿಲು ಬೇರೊಂದಿಲ್ಲ.

ಆದರೆ ಸಂಸ್ಕೃತಿ ಎಂಬ ಮಾತನ್ನು ಆಡುವಾಗ ಯಾರ ಸಂಸ್ಕೃತಿ ಎಂದು ಕೇಳದೆ ಮುಂದೆ ಹೋಗುವಂತಿಲ್ಲ. ಮಧುರೆಗೆ 1606ರಲ್ಲಿ ಬಂದ ಇಟಲಿಯ ಜೆಸ್ವಿಟ್ ಪಾದ್ರಿ ರೋಬೆರ್ತೊ ದೆ ನೊಬಿಲಿ ಕಾವಿ ಉಟ್ಟರು, ಸಸ್ಯಾಹಾರಿಯಾದರು, ತಮಿಳಿನ ಜೊತೆಗೆ ಸಂಸ್ಕೃತವನ್ನೂ ಕಲಿತರು. ಜನಿವಾರ, ಜುಟ್ಟು, ಗಂಧಗಳು ಕ್ರೈಸ್ತನಾದವನಿಗೂ ಸಲ್ಲುತ್ತವೆ ಎಂದು ವಾದಿಸಿ 1623ರಲ್ಲಿ ಪೋಪರ ಒಪ್ಪಿಗೆಯನ್ನೂ ಪಡೆದರು. ಆ ವಿದ್ವತ್ತು, ಆ ತ್ಯಾಗ ದೊಡ್ಡದು. ಆದರೆ ಮೇಲ್ಜಾತಿಯವರ ನಡುವೆ ಮಾನ ಉಳಿಸಿಕೊಳ್ಳಲು ಅವರು ಕೆಳಗಿನವರೆನಿಸಿಕೊಂಡವರಿಂದ ದೂರ ನಿಂತರು. ಆ ಜನರಿಗಾಗಿ ಮುಂದೆ ಬೇರೆಯೇ ಪಾದ್ರಿಗಳ ಏರ್ಪಾಡಾಯಿತು. ಕುಷ್ಠರೋಗಿಯನ್ನು ಮುಟ್ಟಿದವನ, ಸಮಾರ್ಯದ ಹೆಂಗಸಿನ ಕೈಯಿಂದ ನೀರು ಕೇಳಿದವನ ಸುವಾರ್ತೆ ಮುಟ್ಟಬಾರದೆಂಬ ಕಟ್ಟಳೆಯೊಳಗೆ ನಿಂತು ಸಾರಿದರೆ ಸಾರಿದ್ದು ಏನಾಗುತ್ತದೆ? ಇಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ನಾಡಿನ ಛಂದಸ್ಸನ್ನು ತೆಗೆದುಕೊಳ್ಳಬಹುದು, ಊಟ, ಉಡುಗೆ, ಹಬ್ಬಗಳನ್ನು ತೆಗೆದುಕೊಳ್ಳಬಹುದು, ಜಾತಿಯನ್ನು ತೆಗೆದುಕೊಳ್ಳುವಂತಿಲ್ಲ. ದಾಸರ ಪದಗಳನ್ನು ಅಚ್ಚು ಹಾಕಿಸಿದ ಮೊಗ್ಲಿಂಗ್ ಕೊಡಗಿನಲ್ಲಿದ್ದಾಗ ಜೀತದಲ್ಲಿ ನವೆದ ಹೊಲೆಯರಿಗಾಗಿ ಆನಂದಪುರ ಎಂಬ ಊರನ್ನೇ ಕಟ್ಟಿದರು. ಅವರ ಎರಡು ಕೆಲಸಗಳನ್ನು ಒಟ್ಟಿಗೆ ಇಟ್ಟು ನೋಡಬೇಕು ಎನ್ನುವುದು ಇದಕ್ಕಾಗಿ.

ಲೋಕದ ಕಥೊಲಿಕ ಬಿಷಪರು ಸೇರಿದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಕಥೊಲಿಕರಲ್ಲಿ ಇದೇ ಪ್ರಶ್ನೆ ಮತ್ತೆ ಎದ್ದಿತು. ಬೆಂಗಳೂರಿನ ಎನ್‌ಬಿಸಿಎಲ್‌ಸಿ ಎಂಬ ಕಥೊಲಿಕರ ರಾಷ್ಟ್ರೀಯ ಬೈಬಲ್, ಧರ್ಮಬೋಧನೆ ಮತ್ತು ಆರಾಧನಾ ಕೇಂದ್ರದಲ್ಲಿ ಪಾದ್ರಿ ಅಮಲೋರ್ಪವದಾಸ್ ಅವರ ಮುಂದಾಳುತನದಲ್ಲಿ ಭಾರತೀಯ ಆರಾಧನಾ ಕ್ರಮದ ಪ್ರಯೋಗಗಳು ನಡೆದವು. 1969ರಲ್ಲಿ ರೋಮ್ ಹನ್ನೆರಡು ಅಂಶಗಳಿಗೆ ಒಪ್ಪಿಗೆ ಕೊಟ್ಟಿತು. ನೆಲದ ಮೇಲೆ ಕುಳಿತು ಆರಾಧಿಸುವುದು, ಮೇಣದ ಬತ್ತಿಯ ಬದಲು ಎಣ್ಣೆಯ ದೀಪ, ಆರತಿ, ಕೈಮುಗಿದು ನಮಸ್ಕಾರ ಇವೆಲ್ಲ ಆ ಪಟ್ಟಿಯಲ್ಲಿದ್ದವು. ದಲಿತ ಕ್ರೈಸ್ತ ಚಿಂತಕರು ಅದನ್ನು ಕಟುವಾಗಿ ಪ್ರಶ್ನಿಸಿದರು: ಯಾವ ಗರ್ಭಗುಡಿಯ ಬಾಗಿಲು ನಮ್ಮ ಅಜ್ಜಂದಿರಿಗೆ ಮುಚ್ಚಿತ್ತೋ ಅದರ ಆರತಿಯನ್ನೇ ಭಾರತೀಯತೆ ಎಂದು ನಮ್ಮ ಮುಂದೆ ಬೆಳಗುತ್ತೀರಾ? ಆ ಪ್ರಶ್ನೆಗೆ ನನ್ನ ಬಳಿ ಸಮಾಧಾನದ ಉತ್ತರವಿಲ್ಲ, ಇರಬಾರದು ಕೂಡ. ನೆಲದ ಮೇಲೆ ಕುಳಿತು ಪ್ರಾರ್ಥಿಸುವುದು ನನಗೆ ಇಷ್ಟ. ಆದರೆ ಕುರ್ಚಿಯ ಮೇಲೆ ಸರಿಸಮನಾಗಿ ಕುಳಿತುಕೊಳ್ಳುವುದೇ ಸುವಾರ್ತೆ ಎಂದು ಅನುಭವಿಸಿದವರನ್ನು ಸಂಸ್ಕೃತಿಯ ಹೆಸರಿನಲ್ಲಿ ಮತ್ತೆ ಕೆಳಗೆ ಕೂರಿಸುವ ಹಕ್ಕು ನನಗಿಲ್ಲ.

ಹಾಗಾದರೆ ಯಾವ ಹಾಡು, ಯಾರ ಧಾಟಿ? ನಮ್ಮ ಊರಿನ ನೇಕಾರರ ಓಣಿಯಲ್ಲಿ ಕ್ರಿಸ್ತಜಯಂತಿಯ ಮುಂಚಿನ ವಾರ ಮನೆಗೂಟದ ಪ್ರಾರ್ಥನೆ ನಡೆಯುತ್ತದೆ. ಒಮ್ಮೆ ಅಲ್ಲಿ ಸಭೆಯ ಅಜ್ಜಿಯೊಬ್ಬರು ಪುಸ್ತಕ ಮಡಚಿಟ್ಟು ತಾವೇ ಕಟ್ಟಿದ ಹಾಡೊಂದನ್ನು ಎತ್ತಿದರು. ಬೆತ್ಲೆಹೇಮಿನ ಗೋದಲಿಯಲ್ಲಿ ಮಲಗಿದ ಕೂಸಿಗೆ ಜೋ ಜೋ ಎನ್ನುವ ತೊಟ್ಟಿಲ ಪದ ಅದು. ಮರಿಯಮ್ಮನ ತವರಿನಿಂದ ಯಾರೂ ಬರಲಿಲ್ಲ, ಬಾಣಂತಿಗೆ ಕಾಸಿದ ನೀರಿಲ್ಲ, ಕುಲಾವಿ ಹೊಲಿಯುವವರಿಲ್ಲ ಎಂದು ಒಂದೊಂದೇ ನುಡಿ ಬರುತ್ತಿತ್ತು. ಪಕ್ಕದ ಮನೆಯಲ್ಲಿ ಮಗ್ಗ ನಿಂತಿತು. ಅಲ್ಲಿನ ಲಿಂಗಾಯತ ತಾಯಿ ಬಾಗಿಲಿಗೆ ಬಂದು, "ಅವ್ವಾ, ಇದು ನಮ್ಮ ತೊಟ್ಟಲದಾಗ ಹಾಕೂ ಹಾಡಿನ ಧಾಟೀನ ಐತಲ್ಲ" ಎಂದರು. ಒಳಗೆ ಬಂದು ಕುಳಿತು ಪಲ್ಲವಿಗೆ ದನಿಗೂಡಿಸಿದರು. ಹಾಡು ಮುಗಿದ ಮೇಲೆ ಅವರು ಕೇಳಿದ ಪ್ರಶ್ನೆ ಒಂದೇ: "ಛತ್ರದಾಗ ಜಾಗಾ ಯಾಕ ಕೊಡ್ಲಿಲ್ರಿ?" ಅಜ್ಜಿ ಹೇಳಿದರು, "ಬಡವರಿಗೆ ಯಾವಾಗ ಕೊಟ್ಟಾರವ್ವಾ. ಅದಕ್ಕ ದೇವರು ಬಡವರ ಕಡೀಂದನ ಬಂದ." ಲೂಕನ ಎರಡನೆಯ ಅಧ್ಯಾಯದ ಮೇಲೆ ನಾನು ಕೇಳಿದ ಪ್ರಸಂಗಗಳಲ್ಲಿ ಅದಕ್ಕಿಂತ ನೇರವಾದದ್ದನ್ನು ನಾನು ಕೇಳಿಲ್ಲ. ಆ ತಾಯಿ ಇಂದಿಗೂ ಲಿಂಗಾಯತರೇ, ಇಷ್ಟಲಿಂಗ ಪೂಜೆ ಮಾಡುವವರೇ. ಅಜ್ಜಿ ತೀರಿಕೊಳ್ಳುವವರೆಗೂ ಪ್ರತಿ ಕ್ರಿಸ್ತಜಯಂತಿಗೆ ಆ ಹಾಡನ್ನು ಕೇಳಲು ಅವರು ಬರುತ್ತಿದ್ದರು. ಸಾಕ್ಷಿ ಫಲಿಸಲಿಲ್ಲ ಎಂದು ನಾನು ಹೇಳಲಾರೆ.

ಇಂದು ಇಂಥ ಒಡನಾಟದ ಮೇಲೆ ಅನುಮಾನ ಕವಿದಿದೆ. ಕ್ರೈಸ್ತರು ದೀಪ ಹಚ್ಚಿದರೆ, ಭಜನೆ ಮಾಡಿದರೆ ಅದು ಮತಾಂತರದ ಬಲೆ ಎಂಬ ಮಾತು ಬರುತ್ತದೆ. ಆ ಅನುಮಾನವನ್ನು ದ್ವೇಷವೆಂದು ತಳ್ಳಿಹಾಕುವ ಮೊದಲು ನಮ್ಮ ಕಡೆಯ ಕೆಲಸವನ್ನು ನಾವು ನೋಡಿಕೊಳ್ಳಬೇಕು. ಸಂವಿಧಾನದ 25ನೆಯ ವಿಧಿ ಧರ್ಮವನ್ನು ಪ್ರಸಾರ ಮಾಡುವ ಹಕ್ಕನ್ನು ಕೊಡುತ್ತದೆ. ಆ ಹಕ್ಕಿನಲ್ಲಿ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿತು. ಆ ತೀರ್ಪನ್ನು ನಮ್ಮವರಲ್ಲಿ ಹಲವರು ಟೀಕಿಸಿದ್ದಾರೆ, ಕಾನೂನಿನ ದೃಷ್ಟಿಯಿಂದ ಟೀಕೆಗೆ ಕಾರಣಗಳೂ ಇವೆ. ಆದರೆ ವಿಶ್ವಾಸಿಯಾಗಿ ನನಗೆ ತಿಳಿದಿರುವಂತೆ ಮನಸ್ಸನ್ನು ತಿರುಗಿಸುವುದು ದೇವರ ಕೆಲಸ, ತಿರುಗುವುದು ಕೇಳಿದವನ ಆಯ್ಕೆ. ಹೇಳುವುದು ಮಾತ್ರ ನನ್ನದು. ಹೇಳುವಾಗ ಮುಚ್ಚುಮರೆ ಇರಕೂಡದು. ಕಥಾಮಾಲೆಯನ್ನು ಕೈಗೆತ್ತಿಕೊಂಡವನಿಗೆ ಅದು ಯಾರ ಕಥೆ ಎಂಬುದರಲ್ಲಿ ಗೊಂದಲವಿರಲಿಲ್ಲ. ಧಾಟಿ ನಾಡಿನದು, ಕಥೆ ಯೇಸುವಿನದು, ಎರಡೂ ಬೆಳಕಿನಲ್ಲಿಯೇ ಇದ್ದವು. ತಾನು ಕ್ರೈಸ್ತನೆಂಬುದನ್ನು ಮರೆಸಲು ಕಾವಿ ಉಡುವವನೂ ಈ ನೆಲವನ್ನು ಪ್ರೀತಿಸಿ ಅದರ ಬಟ್ಟೆ ಉಡುವವನೂ ಹೊರಗಿನಿಂದ ಒಂದೇ ರೀತಿ ಕಾಣಬಹುದು. ನೆರೆಯವರಿಗೆ ವ್ಯತ್ಯಾಸ ತಿಳಿಯುವುದು ವರ್ಷಗಳ ಒಡನಾಟದಿಂದ: ಅವರ ಮನೆಯ ಸಾವಿಗೆ ನಾವು ಹೋದೆವೇ, ಬರಗಾಲದ ವರ್ಷ ನಮ್ಮ ಬಾವಿ ಅವರಿಗೂ ತೆರೆದಿತ್ತೇ, ಅವರ ವಚನಗಳನ್ನು ನಾವು ಗೌರವದಿಂದ ಕೇಳಿದೆವೇ ಎಂಬುದರಿಂದ.

ಕಳೆದ ವರ್ಷದ ಸುಗ್ಗಿ ಹಬ್ಬದ ಹೊತ್ತಿಗೆ ನಮ್ಮ ಸಭೆಯಲ್ಲಿ ಒಂದು ಚರ್ಚೆಯಾಯಿತು. ಜೋಳದ ತೆನೆ, ಬದನೆಕಾಯಿ, ಕುಂಬಳಕಾಯಿ, ಕೋಳಿ ಎಂದು ಜನ ತಂದದ್ದನ್ನೆಲ್ಲ ದೇವರಿಗೆ ಅರ್ಪಿಸಿ, ಆಮೇಲೆ ಅಂಗಳದಲ್ಲಿ ಹರಾಜು ಹಾಕುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ಬೆಳೆಯನ್ನು ಮೆರವಣಿಗೆಯಲ್ಲಿ ತರುವಾಗ ಹಲಗೆ ಬಾರಿಸಬೇಕೆಂದು ಯುವಕರು ಕೇಳಿದರು. ಕೆಲವು ಹಿರಿಯರು ಒಪ್ಪಲಿಲ್ಲ. ಹಲಗೆ ಜಾತ್ರೆಯದು, ಹೆಣದ ಮುಂದಿನದು, ಅದನ್ನು ಬಿಟ್ಟು ಬಂದವರು ನಾವು ಎಂದರು. ಆ ಮಾತಿನಲ್ಲಿಯೂ ನೋವಿತ್ತು; ಸತ್ತ ದನದ ಚರ್ಮ ಸುಲಿಯಲು, ಊರಿಗೆಲ್ಲ ಹಲಗೆ ಬಾರಿಸಲು ಬಿಟ್ಟಿ ಹೋಗುತ್ತಿದ್ದ ಅಜ್ಜಂದಿರ ಮೊಮ್ಮಕ್ಕಳು ನಮ್ಮ ಸಭೆಯಲ್ಲಿದ್ದಾರೆ, ಮತ್ತು ವಿರೋಧಿಸಿದವರಲ್ಲಿ ಇಬ್ಬರು ಅವರೇ. ಹಾಗಾಗಿ ಕೈ ಎತ್ತಿಸಿ ತೀರ್ಮಾನಿಸುವುದು ಬೇಡ, ಅವರ ಮಾತನ್ನೇ ಪೂರ್ತಿ ಕೇಳೋಣ ಎಂದು ನಾನು ಕೇಳಿಕೊಂಡೆ. ಅವರಲ್ಲಿ ಹಿರಿಯರಾದವರು ಬಹಳ ಹೊತ್ತು ಮಾತಾಡಿದರು. ಕೊನೆಗೆ ಅವರೇ ಮೂರು ಷರತ್ತು ಹಾಕಿದರು: ಬಾರಿಸಲು ಹೊರಗಿನಿಂದ ಯಾರನ್ನೂ ಕೂಲಿಗೆ ಕರೆಯಬಾರದು, ಎಲ್ಲ ಮನೆತನದ ಹುಡುಗರೂ ಕಲಿತು ಬಾರಿಸಬೇಕು, ಕಲಿಸಲು ಬರುವ ಪಕ್ಕದ ಕೇರಿಯ ಹಲಗೆಯವರು ಹಬ್ಬದ ಊಟಕ್ಕೆ ಮೊದಲ ಪಂಕ್ತಿಯಲ್ಲಿ ಕೂರಬೇಕು. ಕಲಿಸಲು ಬಂದವರು ಕ್ರೈಸ್ತರಲ್ಲ, ದುರ್ಗಮ್ಮನ ಒಕ್ಕಲು. ಹಬ್ಬದ ದಿನ ಅವರು ಮನೆಮಂದಿಯನ್ನೆಲ್ಲ ಕರೆದುಕೊಂಡು ಬಂದರು, ಮೊದಲ ಪಂಕ್ತಿಯಲ್ಲಿ ನಮ್ಮ ಸಭಾಪಾಲಕರ ಪಕ್ಕದಲ್ಲಿ ಊಟಕ್ಕೆ ಕುಳಿತರು, ಹರಾಜಿನಲ್ಲಿ ಒಂದು ಕುಂಬಳಕಾಯಿಯನ್ನು ಎಲ್ಲರಿಗಿಂತ ಹೆಚ್ಚು ಬೆಲೆಗೆ ಕೂಗಿ ತೆಗೆದುಕೊಂಡು ಹೋದರು. ಈ ವರ್ಷ ಅವರ ಕೇರಿಯ ಜಾತ್ರೆಗೆ ನಮಗೆ ಕರೆ ಬಂದಿದೆ. ಪೂಜೆಯ ಹೊತ್ತಿನಲ್ಲಿ ನಾವು ಹೊರಗೆ ನಿಂತಿರುತ್ತೇವೆ, ಊಟಕ್ಕೆ ಒಟ್ಟಿಗೆ ಕೂರುತ್ತೇವೆ ಎಂದು ಹೇಳಿ ಕಳಿಸಿದ್ದೇವೆ, ಅವರು ಅದಕ್ಕೆ ಒಪ್ಪಿದ್ದಾರೆ.